ಕೊನೆ ಹೊಲಕ್ಕೆ ನೀರು ಯಾಕೆ ಮುಟ್ಟಲ್ಲ? ಹೂಳಿನ ಲೆಕ್ಕ ಇಲ್ಲಿದೆ

ಯಡ್ರಾಮಿ: ಕಾಲುವೆಗೆ ನೀರು ಬಿಟ್ಟರೂ ಕೊನೆ ಭಾಗದ ಹೊಲಕ್ಕೆ ಬರಂಗಿಲ್ಲ ಅನ್ನೋದು ರೈತರ ಹಳೇ ದೂರು. ‘ಮೇಲಿನವರೇ ಹಿಡ್ಕೊಂಡ್ರು’ ಅಂತ ಜಗಳವೂ ಆಗುತ್ತದೆ. ಆದರೆ ಇದರಲ್ಲಿ ಹೂಳಿನ ಪಾಲೂ ಇದೆ.

ಈ ಭಾಗಕ್ಕೆ ಕೃಷ್ಣಾ ನೀರು ಬರುವುದು ನಾರಾಯಣಪುರ ಎಡದಂಡೆ ಕಾಲುವೆ ಜಾಲದಿಂದ. ಹರಿಯುವ ನೀರು ಮಣ್ಣನ್ನೂ ಹೊತ್ತು ತರುತ್ತದೆ. ವೇಗ ತಗ್ಗಿದರೆ ಮೊದಲು ಮರಳು, ಆಮೇಲೆ ಸಣ್ಣ ಮಣ್ಣು ತಳಕ್ಕೆ ಕೂರುತ್ತದೆ. ವೇಗ ಅರ್ಧಕ್ಕೆ ಇಳಿದರೆ ಮಣ್ಣು ಹೊರುವ ಶಕ್ತಿ ಅರ್ಧಕ್ಕಿಂತ ಎಷ್ಟೋ ಕಡಿಮೆಯಾಗುತ್ತದೆ.

ನೀರು ನಿಲ್ಲುವ ಜಲಾಶಯದಲ್ಲಿ ಹೂಳು ಹೆಚ್ಚು. ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ 133 ಟಿಎಂಸಿ ಇತ್ತು. ಈಗಿನದು ಸುಮಾರು 105.78 ಟಿಎಂಸಿ.

ಕಾಲುವೆಯಲ್ಲೂ ಇದೇ ಕಥೆ. ನೀರು ತಿರುಗಿಸಲು ಕಲ್ಲು ಅಡ್ಡ ಇಟ್ಟರೆ ಅದರ ಹಿಂದೆ ಹೂಳು ಕೂರುತ್ತದೆ. ಹೂಳಿನ ಮೇಲೆ ಜೇಕು ಬೆಳೆದು ನೀರು ಇನ್ನೂ ನಿಧಾನವಾಗುತ್ತದೆ, ಹೂಳು ಇನ್ನೂ ಏರುತ್ತದೆ.

ಹಾಗಾದ್ರೆ ಜಾಸ್ತಿ ನೀರು ಬಿಟ್ಟರೆ ಸಾಕಲ್ಲ? ಸಾಲಲ್ಲ. ಹೂಳು ತುಂಬಿದ ಕಡೆ ನೀರು ಮೇಲೇರಿ ದಂಡೆ ಕೊರೆಯುತ್ತದೆ. ದಂಡೆ ಒಡೆದರೆ ಅಕ್ಕಪಕ್ಕದ ಬೆಳೆ ಮುಳುಗುತ್ತದೆ, ಕೊನೆ ಹೊಲ ಒಣಗುತ್ತದೆ.

ಜಲಾಶಯದ ಹೂಳು ತೆಗೆಯೋದು ಭಾರೀ ಖರ್ಚಿನ ಕೆಲಸ. ಕಾಲುವೆ ಹೂಳು ಹಾಗಲ್ಲ, ಜೆಸಿಬಿಯಿಂದ ತೆಗೀಬಹುದು. ಆದರೆ ನೀರು ಬಿಡುವ ಮುಂಚೆ, ಬೇಸಿಗೆಯಲ್ಲೇ ಆಗಬೇಕು. ತೆಗೆದ ಮಣ್ಣನ್ನು ದಂಡೆ ಅಂಚಿಗೆ ಸುರಿದರೆ ಮಳೆಗೆ ಮತ್ತೆ ಕಾಲುವೆಗೇ ಬೀಳುತ್ತದೆ, ದೂರ ಸಾಗಿಸಬೇಕು.

ಕಾಯಿ ಕಟ್ಟುವ ಹೊತ್ತಿಗೆ ಒಂದು ಸಲ ನೀರು ತಪ್ಪಿದರೂ ಹತ್ತಿ ಇಳುವರಿ ಬೀಳುತ್ತದೆ. ಆಗ ಹೂಳು ತೆಗೆದು ಏನು ಬಂತು?