ಪೆರೋವ್‌ಸ್ಕೈಟ್ ಸೌರಕೋಶಗಳಲ್ಲಿ ಸೇರ್ಪಡೆ ದ್ರವ್ಯಗಳ ಪಾತ್ರ

ಸಕ್ಕರೆಯ ಪಾಕವು ಹರಳುಗಟ್ಟದಿರಲೆಂದು ಅಡಿಗೆಯವರು ಅದಕ್ಕೆ ಕೆಲವು ಹನಿ ನಿಂಬೆಯ ರಸವನ್ನು ಹಿಂಡುವುದುಂಟು. ದ್ರಾವಣವೊಂದರಿಂದ ಹರಳು ಮೂಡುವ ಬಗೆಯನ್ನು ಅತ್ಯಲ್ಪ ಪ್ರಮಾಣದ ಅನ್ಯವಸ್ತುವೂ ಮಾರ್ಪಡಿಸಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ. ಪೆರೋವ್‌ಸ್ಕೈಟ್ ಸೌರಕೋಶಗಳ ತಯಾರಿಕೆಯಲ್ಲಿಯೂ ಇಂತಹ ಅಲ್ಪ ಸೇರ್ಪಡೆಗಳ ಪಾತ್ರ ಹಿರಿದು.

ಪೆರೋವ್‌ಸ್ಕೈಟ್ ಎಂಬುದು 1839ರಲ್ಲಿ ಯೂರಲ್ ಪರ್ವತಗಳಲ್ಲಿ ಗುರುತಿಸಲ್ಪಟ್ಟ ಖನಿಜವೊಂದರ ಹೆಸರು. ಅದರ ಸ್ಫಟಿಕರಚನೆಯನ್ನೇ ಹೋಲುವ ಸೀಸದ ಹ್ಯಾಲೈಡುಗಳು ಬೆಳಕನ್ನು ಚೆನ್ನಾಗಿ ಹೀರುತ್ತವೆ. 2009ರಲ್ಲಿ ಜಪಾನಿನ ಮಿಯಾಸಾಕ ಅವರ ತಂಡವು ಇವುಗಳಿಂದ ರಚಿಸಿದ ಕೋಶದ ದಕ್ಷತೆ ಶೇಕಡಾ 3.8 ಮಾತ್ರ, ಇಂದು ಪ್ರಯೋಗಾಲಯದ ಚಿಕ್ಕ ಕೋಶಗಳಲ್ಲಿ ಅದು ಶೇಕಡಾ 25ನ್ನು ಮೀರಿದೆ. ಈ ಏಳಿಗೆಯಲ್ಲಿ ಸೇರ್ಪಡೆ ದ್ರವ್ಯಗಳು ನಿರ್ವಹಿಸಿದ ಕಾರ್ಯಗಳನ್ನು ನಾವು ಮೂರಾಗಿ ವಿಂಗಡಿಸಬಹುದು.

ಮೊದಲನೆಯದು ಹರಳುಗಳ ಬೆಳವಣಿಗೆಯ ನಿಯಂತ್ರಣ. ಗಾಜಿನ ಮೇಲೆ ಹರಡಿದ ದ್ರಾವಣವು ಬೇಗನೆ ಆರಿದರೆ ಹರಳುಗಳು ಅಡ್ಡಾದಿಡ್ಡಿಯಾಗಿ ಬೆಳೆದು ಪದರದಲ್ಲಿ ರಂಧ್ರಗಳು ಉಳಿಯುತ್ತವೆ. ಡೈಮೀಥೈಲ್ ಸಲ್ಫಾಕ್ಸೈಡ್ ಸೀಸದ ಅಯೊಡೈಡಿನೊಡನೆ ತಾತ್ಕಾಲಿಕವಾಗಿ ಬಂಧಿತವಾಗಿ ಈ ಕ್ರಿಯೆಯನ್ನು ನಿಧಾನಗೊಳಿಸುತ್ತದೆ, ಕಾಯಿಸಿದಾಗ ಹೊರಟುಹೋಗುತ್ತದೆ.

ಎರಡನೆಯದು ದೋಷನಿವಾರಣೆ. ಹರಳಿನ ಮೇಲ್ಮೈಯಲ್ಲಿ ಸಾಕಷ್ಟು ಜೊತೆಗಾರ ಅಯಾನುಗಳಿಲ್ಲದ ಸೀಸದ ಅಯಾನುಗಳು ಎಲೆಕ್ಟ್ರಾನುಗಳನ್ನು ಸೆರೆಹಿಡಿಯುತ್ತವೆ. ಶಕ್ತಿಯು ಶಾಖವಾಗಿ ನಷ್ಟವಾಗುತ್ತದೆ. ಪಿರಿಡೀನಿನಲ್ಲಿರುವ ಸಾರಜನಕವು ತನ್ನ ಎಲೆಕ್ಟ್ರಾನು ಜೋಡಿಯನ್ನಿತ್ತು ಆ ಕೊರತೆಯನ್ನು ತುಂಬುತ್ತದೆ. 2014ರಲ್ಲಿ ಆಕ್ಸ್‌ಫರ್ಡಿನ ಹೆನ್ರಿ ಸ್ನೇತ್ ಅವರ ತಂಡವು ಸಿದ್ಧ ಪದರವನ್ನು ಪಿರಿಡೀನಿನಿಂದ ಸಂಸ್ಕರಿಸಿದಾಗ ದಕ್ಷತೆಯು ಶೇಕಡಾ 13ರಿಂದ 16.5ಕ್ಕೆ ಏರಿತು.

ಮೂರನೆಯದು ರೂಪರಕ್ಷಣೆ. ಫಾರ್ಮಮಿಡೀನಿಯಂ ಸೀಸದ ಅಯೊಡೈಡಿನ ಕಪ್ಪು ರೂಪವು ಮಾತ್ರ ಸೌರಕೋಶಕ್ಕೆ ಉಪಯುಕ್ತ. ಸಾಮಾನ್ಯ ಉಷ್ಣತೆಯಲ್ಲಾದರೋ ಅದು ಹಳದಿ ರೂಪಕ್ಕೆ ತಿರುಗಲು ಹವಣಿಸುತ್ತದೆ. ಮೀಥೈಲ್ ಅಮೋನಿಯಂ ಕ್ಲೋರೈಡನ್ನು ಬೆರೆಸಿದರೆ ಕಪ್ಪು ರೂಪವು ಸುಲಭವಾಗಿ ಮೂಡುತ್ತದೆ. ಈ ಕ್ಲೋರೈಡಿನ ಬಹುಭಾಗವೂ ಕಾಯಿಸುವಾಗ ಆವಿಯಾಗುತ್ತದೆ.

ಇಷ್ಟರಿಂದ ಸೇರ್ಪಡೆಯೆಲ್ಲವೂ ಹಿತಕರವೇ ಎಂದು ಭಾವಿಸಲಾಗದು. ಕಾರ್ಯ ಮುಗಿಸಿ ಹೊರಡಬೇಕಾದ ಡೈಮೀಥೈಲ್ ಸಲ್ಫಾಕ್ಸೈಡ್ ಪದರದ ತಳದಲ್ಲಿ ಸಿಕ್ಕಿಬಿದ್ದು ತಡವಾಗಿ ಹೊರಬಿದ್ದರೆ ಅಲ್ಲಿ ಪೊಳ್ಳುಗಳು ಉಳಿಯುತ್ತವೆ. ಬೆಳಕಿನಲ್ಲಿ ಪದರದ ಕ್ಷಯವು ಆ ಎಡೆಗಳಲ್ಲಿ ತ್ವರಿತವಾಗುತ್ತದೆ. ಇದನ್ನು ಅಮೆರಿಕದ ಜಿನ್‌ಸಾಂಗ್ ಹುವಾಂಗ್ ಅವರ ತಂಡವು 2021ರಲ್ಲಿ ತೋರಿಸಿಕೊಟ್ಟಿತು. ಆ ದ್ರಾವಕದ ಒಂದಂಶದ ಬದಲು ಪದರದಲ್ಲೇ ನಿಲ್ಲುವ ಕಾರ್ಬೊಹೈಡ್ರಜೈಡ್ ಎಂಬ ಘನವಸ್ತುವನ್ನು ಬಳಸಿ ಪೊಳ್ಳುಗಳನ್ನು ತಗ್ಗಿಸಿತು. ಒಂದೆಡೆ ಉಪಕಾರಿಯಾದುದೇ ಇನ್ನೊಂದೆಡೆ ಅಪಕಾರಿಯಾದ ಬಗೆಯಿದು.

ಆದುದರಿಂದ, ಸೇರ್ಪಡೆಯೊಂದರಿಂದ ದಕ್ಷತೆ ಎಷ್ಟು ಏರಿತೆಂದು ಕೇಳಿದರೆ ಸಾಲದು. ಆ ವಸ್ತು ಕೊನೆಗೆ ಎಲ್ಲಿ ಉಳಿಯಿತು, ಇಲ್ಲವೇ ಹೇಗೆ ಹೊರಟುಹೋಯಿತು ಎಂಬುದನ್ನೂ ವಿದ್ಯಾರ್ಥಿಗಳು ವಿಚಾರಿಸಬೇಕು. ಸಿಲಿಕಾನ್ ಫಲಕಗಳು ಬಿಸಿಲು ಮಳೆಗಳಲ್ಲಿ ದಶಕಗಳ ಕಾಲ ಬಾಳುತ್ತವೆ. ಪೆರೋವ್‌ಸ್ಕೈಟ್ ಅವುಗಳ ಸಾಲಿನಲ್ಲಿ ನಿಲ್ಲಬೇಕಾದರೆ ದಕ್ಷತೆಯೊಡನೆ ಬಾಳಿಕೆಯನ್ನೂ ಗಳಿಸಬೇಕಾಗಿದೆ.