‘ರೂಢಿ’ ಎಂಬ ಪದ: ಜೈಲು, ಕುಡಿತ ಮತ್ತು ನ್ಯಾಯ

ದಲಿತ ವಿಮರ್ಶೆ ಎಂದರೆ ಕತೆ, ಕವಿತೆಗಳನ್ನು ಓದುವ ಕ್ರಮ ಮಾತ್ರ ಎಂದು ನಾನು ತಿಳಿದಿಲ್ಲ. ಕಾಯ್ದೆ, ಕೈಪಿಡಿ, ರಿಜಿಸ್ಟರುಗಳೂ ಪಠ್ಯಗಳೇ. ಅವನ್ನು ನಾವು ಓದಲೇಬೇಕು. ಯಾಕಂದ್ರೆ ಅವು ನಮ್ಮನ್ನು ಬಹಳ ಕಾಲದಿಂದ ಓದುತ್ತಾ ಬಂದಿವೆ. ಇಲ್ಲಿ ಒಂದೇ ಒಂದು ಪದವನ್ನು ಹಿಡಿದು ನೋಡುತ್ತೇನೆ: ರೂಢಿ.

ಉತ್ತರ ಪ್ರದೇಶದ ಜೈಲು ಕೈಪಿಡಿಯಲ್ಲಿ ಒಂದು ನಿಯಮವಿತ್ತು. ಸಾದಾ ಸಜೆಯ ಕೈದಿಗೆ ಕೀಳು ಕೆಲಸ ಹೇಳಬಾರದು. ಆದರೆ ಅಂಥ ಕೆಲಸ ರೂಢಿಯಿರುವ ಸಮುದಾಯಕ್ಕೆ ಅವನು ಸೇರಿದ್ದರೆ ಹೇಳಬಹುದು ಎಂಬುದು ಅದರ ತಾತ್ಪರ್ಯ. ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಇಂಥ ನಿಯಮಗಳು ಸಂವಿಧಾನಬಾಹಿರ ಎಂದಿತು. ಜೈಲು ರಿಜಿಸ್ಟರಿನ ಜಾತಿ ಕಾಲಂ ತೆಗೆಯಬೇಕೆಂದೂ, ಮೂರು ತಿಂಗಳಲ್ಲಿ ಕೈಪಿಡಿಗಳನ್ನು ತಿದ್ದಬೇಕೆಂದೂ ಆದೇಶಿಸಿತು.

ಶಿಕ್ಷೆ ಯಾಕೆ ಎಂಬ ಪ್ರಶ್ನೆಗೆ ತತ್ವಶಾಸ್ತ್ರದ ಪುಸ್ತಕಗಳು ಮೂರು ಉತ್ತರ ಕೊಡುತ್ತವೆ: ತಪ್ಪಿಗೆ ತಕ್ಕ ಫಲ, ಇತರರಿಗೆ ಭಯ, ತಪ್ಪಿತಸ್ಥನ ಸುಧಾರಣೆ. ಮೂರೂ ಒಂದು ಮಾತನ್ನು ಒಪ್ಪಿಕೊಂಡೇ ಹೊರಡುತ್ತವೆ: ಮೊದಲು ತಪ್ಪು, ಆಮೇಲೆ ಶಿಕ್ಷೆ. ಆದರೆ ಒಂದೇ ಕಳ್ಳತನಕ್ಕೆ ಒಂದೇ ಅವಧಿಯ ಸಜೆಯಾದ ಇಬ್ಬರಲ್ಲಿ ಒಬ್ಬನ ಕೈಗೆ ಮಾತ್ರ ಪೊರಕೆ ಬಂದರೆ, ಆ ಪೊರಕೆ ಯಾವ ತಪ್ಪಿಗೆ? ಮೂರು ಉತ್ತರಗಳಲ್ಲಿ ಯಾವುದೂ ಇದಕ್ಕೆ ಒದಗುವುದಿಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯ ವರ್ಣಕ್ಕೊಂದು ಶಿಕ್ಷೆಯನ್ನು ನೇರವಾಗಿಯೇ ಹೇಳಿತು. ಆ ಪುಸ್ತಕವನ್ನು ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟರು. ಕೈಪಿಡಿ ವರ್ಣ ಎನ್ನಲಿಲ್ಲ, ‘ರೂಢಿ’ ಅಂತು. ಹೊರಿಸಿದ್ದನ್ನು ಹೊತ್ತವನ ಅಭ್ಯಾಸವೆಂದು ಬರೆದುಕೊಂಡಿತು.

ಇದೇ ಪದದ ಇನ್ನೊಂದು ರೂಪ ‘ರೂಢಿಗತ ಅಪರಾಧಿ’. 1871ರ ಕಾಯ್ದೆಯಲ್ಲಿ ಬ್ರಿಟಿಷರು ಇಡೀ ಬುಡಕಟ್ಟುಗಳನ್ನೇ ಅಪರಾಧಿಗಳೆಂದು ಘೋಷಿಸಿದರು. ಅವರನ್ನು ಕೂಡಿಹಾಕಿದ ಜಾಗಕ್ಕೆ ಹುಬ್ಬಳ್ಳಿಯಲ್ಲಿ ಇಂದಿಗೂ ಸೆಟ್ಲಮೆಂಟ್ ಎಂದೇ ಹೆಸರು. 1952ರಲ್ಲಿ ಆ ಕಾಯ್ದೆ ಹೋಯಿತು. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ಪದ ಬದಲಾಯ್ತು, ಪೊಲೀಸರ ಕಣ್ಣು ಬದಲಾಗಲಿಲ್ಲ.

ಮೂರನೆಯದು ಕುಡಿತ. ಇದನ್ನು ಬರೆಯುವಾಗ ನನಗೆ ಕೊಂಚ ಅಳುಕಿದೆ. ಕ್ಲಾಸಿನಲ್ಲಿ ಅರಿಸ್ಟಾಟಲ್‌ನ ನೀತಿಶಾಸ್ತ್ರ ಪಾಠ ಮಾಡುತ್ತಿದ್ದೆ. ಕುಡಿದು ತಪ್ಪು ಮಾಡಿದವನಿಗೆ ಎರಡು ಪಟ್ಟು ಶಿಕ್ಷೆ ಎಂಬ ಕಾನೂನನ್ನು ಅವನು ಸಮರ್ಥಿಸುತ್ತಾನೆ. ಕುಡಿಯದೇ ಇರುವುದು ಅವನ ಕೈಲೇ ಇತ್ತಲ್ಲ ಎಂಬುದು ಕಾರಣ. ಒಬ್ಬ ಹುಡುಗ, “ಸರೀನೇ ಅಲ್ವಾ ಸಾರ್, ಯಾರು ಕುಡಿ ಅಂದ್ರು?” ಎಂದ. ನನಗೆ ನಮ್ಮ ದೊಡ್ಡಪ್ಪನ ನೆನಪಾಯಿತು. ಊರವರ ಮಲದಗುಂಡಿ ಬಳಿಯುತ್ತಿದ್ದವನು. ಇಳಿಯುವ ಮೊದಲು ಒಂದು ಪ್ಯಾಕೆಟ್ ಸಾರಾಯಿ ಹರಿದು ಬಾಯಿಗೆ ಸುರಿದುಕೊಳ್ಳುತ್ತಿದ್ದ. “ಕುಡೀದೆ ಆ ಗುಂಡೀಗೆ ಇಳಿಯಕ್ಕಾಯ್ತದಾ ಮೊಗಾ?” ಎನ್ನುತ್ತಿದ್ದ. ಸಾರಾಯಿ ಅಂಗಡಿಯನ್ನು ಹರಾಜು ಹಾಕಿದ್ದು ಸರ್ಕಾರ, ಗುಂಡಿಗೆ ಕರೆದದ್ದು ಊರು, ಚಟ ಮಾತ್ರ ದೊಡ್ಡಪ್ಪನದು. ನಮ್ಮ ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಂತಿತು. ಗುಂಡಿ ನಿಲ್ಲಲಿಲ್ಲವಾದ್ದರಿಂದ ಅವನು ಅಗ್ಗದ ವಿಸ್ಕಿಗೆ ತಿರುಗಿದ.

ಹಾಗಂತ ಅವನದೇನೂ ತಪ್ಪಿಲ್ಲ ಎಂದು ನಾನು ಹೇಳಲಾರೆ. ದೊಡ್ಡಮ್ಮನ ಮೈಮೇಲಿನ ಬಾಸುಂಡೆಗಳನ್ನು ಕಂಡವನು ನಾನು. ಅವಳಿಗೂ ನ್ಯಾಯ ಸಿಗಬೇಕು. ಪ್ರಶ್ನೆ ಏನೆಂದರೆ, ಅವನನ್ನು ಜೈಲಿಗೆ ಹಾಕಿದರೆ ಅದು ಸಿಗುತ್ತದೆಯೇ? ಬಿಹಾರ 2016ರಲ್ಲಿ ಪಾನನಿಷೇಧ ಮಾಡಿ ಕುಡಿದವರನ್ನೇ ಜೈಲಿಗಟ್ಟಿತು. ಆ ಕಾಯ್ದೆಯಲ್ಲಿ ಮೊದಲು ಶಿಕ್ಷೆಯಾದದ್ದು 2017ರಲ್ಲಿ, ಜಹಾನಾಬಾದಿನ ದಿನಗೂಲಿ ಮುಸಾಹರ್ ಸೋದರರಿಬ್ಬರಿಗೆ: ಐದು ವರ್ಷ ಸಜೆ, ತಲಾ ಒಂದು ಲಕ್ಷ ದಂಡ. ಅವರ ಹೆಂಡತಿ ಮಕ್ಕಳ ಹೊಟ್ಟೆಗೆ ಆ ತೀರ್ಪಿನಲ್ಲಿ ಜಾಗವಿಲ್ಲ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಬೇರೆ ದಾರಿ ಹಿಡಿದಿದ್ದರು. ಅವರು ಸಾರಾಯಿ ಅಂಗಡಿ ಮುಚ್ಚಿಸಿದರು. ಅವರು ಹಚ್ಚಿದ ಚಳವಳಿ ಹರಾಜನ್ನೇ ತಡೆಯಿತು. ಕುಡುಕನನ್ನು ಮನೆಯಲ್ಲಿ ಅವರು ಬಯ್ದಿರಬಹುದು, ಆದರೆ ಕುಡಿತದ ಮೂಲವನ್ನು ಅವನೊಬ್ಬನ ಎದೆಯಲ್ಲಿ ಹುಡುಕಲಿಲ್ಲ. ಅರಿಸ್ಟಾಟಲ್‌ಗೆ ಕೊಡಬೇಕಾದ ಉತ್ತರ ಆ ಹೆಂಗಸರ ನಡೆಯಲ್ಲಿದೆ ಎಂದೇ ನನ್ನ ನಂಬಿಕೆ.

ಎಷ್ಟು ಶಿಕ್ಷೆ ಎಂದು ಅಳೆಯುವ ಮುಂಚೆ, ಈ ರೂಢಿ ಯಾರು ಮಾಡಿಸಿದ್ದು, ಅದರಿಂದ ಯಾರಿಗೆ ಅನುಕೂಲವಾಯಿತು ಎಂದು ಕೇಳುವುದು ನ್ಯಾಯದ ಮೊದಲ ಕೆಲಸ. ರಿಜಿಸ್ಟರಿನ ಕಾಲಂ ಅಳಿಸುವುದು ಸುಲಭ. ಅಳಿಸಿದ ಮಾರನೆಯ ಬೆಳಿಗ್ಗೆ ಜೈಲಿನ ಕಕ್ಕಸು ತೊಳೆಯಲು ಯಾರನ್ನು ಕೂಗುತ್ತಾರೆ ಅನ್ನೋದನ್ನ ನಾವು ನೋಡುತ್ತಿರಬೇಕು.