ಹವಳದ ದಿಬ್ಬದಲ್ಲಿ ಮೀನೆಣಿಕೆ

ಮಳೆಗಾಲದ ಸಂಜೆ ಸಮಾಚಾರದ ಕೊನೆಗೆ ಆಕಾಶವಾಣಿಯಿಂದ ಒಂದು ಎಚ್ಚರಿಕೆ ಬರುವುದುಂಟು: ಕರಾವಳಿಯಲ್ಲಿ ಬಿರುಗಾಳಿ ಬೀಸಲಿದೆ, ಮೀನುಗಾರರು ಕಡಲಿಗೆ ಇಳಿಯಬಾರದು. ಮಲೆಬೆನ್ನೂರು, ಹರಿಹರ, ದಾವಣಗೆರೆಯ ಮನೆಗಳಲ್ಲಿ ಈ ಮಾತು ಕಿವಿಗೆ ಬಿದ್ದರೂ ಅದು ತಮಗೆ ಸಂಬಂಧಿಸಿದ್ದೆಂದು ಯಾರೂ ಎಣಿಸುವುದಿಲ್ಲ. ನಮ್ಮ ಸೀಮೆಯ ನೀರೆಂದರೆ ಭದ್ರಾ ನಾಲೆಯದು, ತುಂಗಭದ್ರೆಯದು. ಅದು ಪೂರ್ವಕ್ಕೆ ಹರಿದು, ಕೃಷ್ಣೆಯನ್ನು ಕೂಡಿ, ಬಂಗಾಳ ಕೊಲ್ಲಿಯನ್ನು ಸೇರುವಂಥದು. ಪಡುಗಡಲಿಗೂ ನಮಗೂ ನಡುವೆ ಘಟ್ಟ ಅಡ್ಡವಿದೆ. ಆದರೆ ನಕ್ಷೆಯ ಮೇಲೊಂದು ಅಳತೆಗೋಲನ್ನು ಇಟ್ಟು ನೋಡಿ. ಮಲೆಬೆನ್ನೂರಿನಿಂದ ಪಶ್ಚಿಮಕ್ಕೆ, ತುಸು ದಕ್ಷಿಣಕ್ಕೆ ವಾಲಿ, ನೂರೈವತ್ತು ಕಿಲೋಮೀಟರಿಗಿಂತ ಸ್ವಲ್ಪವೇ ಹೆಚ್ಚು ದೂರದಲ್ಲಿ ನೇತ್ರಾಣಿ ಎಂಬ ಪುಟ್ಟ ದ್ವೀಪ ಸಿಗುತ್ತದೆ. ಮುರ್ಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರು ಕಡಲೊಳಗೆ ಇರುವ ಈ ದ್ವೀಪವನ್ನು ಇಂಗ್ಲಿಷರು ಪಾರಿವಾಳದ ದ್ವೀಪವೆಂದು ಕರೆದರು. 2022ರಲ್ಲಿ ತೆರೆಗೆ ಬಂದ ‘ಗಂಧದ ಗುಡಿ’ ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಇಲ್ಲಿಯ ನೀರಿಗೆ ಇಳಿದುದನ್ನು ತಮ್ಮಲ್ಲಿ ಹಲವರು ನೋಡಿರಬಹುದು.

ಆ ನೀರಿನಡಿಯಲ್ಲಿ ಹವಳವಿದೆ. ಹವಳವೆಂದರೆ ಉಂಗುರಕ್ಕೆ ಕೂಡಿಸುವ ಕೆಂಪು ಮಣಿಯಷ್ಟೇ ಅಲ್ಲ. ಸಾಸಿವೆಯಿಂದ ಹಿಡಿದು ಹುಣಿಸೆಬೀಜದಷ್ಟು ಗಾತ್ರದ ಲಕ್ಷಾಂತರ ಮೆತ್ತನೆಯ ಜೀವಿಗಳು ತಮ್ಮ ಸುತ್ತ ಸುಣ್ಣದ ಗೂಡು ಕಟ್ಟಿಕೊಂಡು, ಒಂದರ ಮೇಲೊಂದು ತಲೆಮಾರುಗಳಾಗಿ ಬೆಳೆಸಿದ ದಿಬ್ಬ ಅದು. ಆ ಜೀವಿಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸಿಸುತ್ತದೆ. ಅವುಗಳ ಆಹಾರದ ಬಹುಪಾಲು ಆ ಪಾಚಿಯ ದುಡಿಮೆ. ಪಾಚಿಗೆ ಬಿಸಿಲು ಬೇಕು, ಬಿಸಿಲಿಗೆ ತಿಳಿನೀರು ಬೇಕು. ಮಳೆಗಾಲದಲ್ಲಿ ಕಾಳಿ, ಶರಾವತಿಯಂಥ ನದಿಗಳು ಕೆಸರನ್ನೂ ಸಿಹಿನೀರನ್ನೂ ತಂದು ಸುರಿಯುವ ನಮ್ಮ ಕರಾವಳಿಯ ಅಂಚಿನಲ್ಲಿ ಹವಳ ಹೆಚ್ಚಾಗಿ ಬಾಳಲಾರದು. ನೇತ್ರಾಣಿ ಆ ಕೆಸರಿನಿಂದ ದೂರ ಸರಿದು ನಿಂತಿರುವುದೇ ಅದರ ಪುಣ್ಯ.

ಹವಳವಿದ್ದಲ್ಲಿ ಮೀನುಂಟು. ಜಗತ್ತಿನ ಕಡಲತಳದ ನೂರರಲ್ಲಿ ಒಂದು ಪಾಲಿಗೂ ಕಡಿಮೆ ಜಾಗದಲ್ಲಿ ಹರಡಿರುವ ಹವಳದ ದಿಬ್ಬಗಳು ಕಡಲ ಜೀವಜಾತಿಗಳ ಸುಮಾರು ಕಾಲುಭಾಗಕ್ಕೆ ಆಸರೆಯೆಂದು ಅಂದಾಜಿದೆ. ಹಾಗಾದರೆ ಇಂಥದೊಂದು ದಿಬ್ಬದಲ್ಲಿ ಎಷ್ಟು ಬಗೆಯ ಮೀನುಗಳಿವೆ? ಪ್ರಶ್ನೆ ಮಕ್ಕಳು ಕೇಳುವಷ್ಟು ಸರಳ. ಉತ್ತರವನ್ನು ಪಡೆಯುವ ದಾರಿ ಹಾಗಿಲ್ಲ.

ನಮ್ಮ ಕಡೆ ಇದೇನೂ ಕಷ್ಟವಲ್ಲ. ಬೇಸಿಗೆಯಲ್ಲಿ ನಾಲೆಯ ನೀರು ನಿಲ್ಲಿಸಿದ ಮೇಲೆ ಅಲ್ಲಲ್ಲಿ ಗುಂಡಿಗಳು ಉಳಿಯುತ್ತವೆ. ಹುಡುಗರು ಇಳಿದು ಕೆಸರು ಕದಡಿದರೆ ಕೊರವ, ಬಾಳೆಮೀನು, ಹಾವುಮೀನು ಎಲ್ಲವೂ ಬುಟ್ಟಿಗೆ ಬರುತ್ತವೆ. ಮಲೆನಾಡಿನ ಕೆರೆಬೇಟೆಯಲ್ಲಿ ಊರಿಗೆ ಊರೇ ಇಳಿದು ಕೆರೆಯನ್ನು ಜಾಲಾಡಿಬಿಡುತ್ತದೆ. ಕಡಲನ್ನು ಬತ್ತಿಸುವವರಾರು? ಬಲೆ ಬೀಸಿದರೆ ಹವಳದ ಕೊಂಬೆಗೆ ಸಿಕ್ಕಿ ಹರಿಯುತ್ತದೆ, ಹವಳವೂ ಮುರಿಯುತ್ತದೆ. ಹಿಂದಿನವರು ಇದಕ್ಕೆ ಕಂಡುಕೊಂಡಿದ್ದ ಉಪಾಯ ಪೇಟೆಗೆ ಹೋಗುವುದು. 1875ರಿಂದ 1878ರ ಅವಧಿಯಲ್ಲಿ ‘ಭಾರತದ ಮೀನುಗಳು’ ಎಂಬ ಮಹಾಗ್ರಂಥವನ್ನು ಹೊರತಂದ ಫ್ರಾನ್ಸಿಸ್ ಡೇ ವೃತ್ತಿಯಲ್ಲಿ ಮದರಾಸು ಸೈನ್ಯದ ವೈದ್ಯ. ಅಂಥವರ ಕಾಲದಲ್ಲಿ ಮೀನುಪೇಟೆಯೇ ಪ್ರಯೋಗಶಾಲೆ. ಆದರೆ ಪೇಟೆಗೆ ಬರುವುದು ತಿನ್ನುವ ಮೀನು. ಹೆಬ್ಬೆರಳುದ್ದದ, ಕಾಸಿಗೆ ಬಾರದ ಮೀನನ್ನು ಯಾವ ಬೆಸ್ತನು ಹೊತ್ತು ತರುತ್ತಾನೆ?

1943ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾಂ ಎಂಬಿಬ್ಬರು, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿನಡಿಯಲ್ಲಿ ಉಸಿರಾಡುವ ಸಾಧನವನ್ನು ರೂಪಿಸಿದರು. ಆಮೇಲೆ ಮೀನನ್ನು ಮೇಲಕ್ಕೆ ತರುವ ಬದಲು ಎಣಿಸುವವನೇ ಕೆಳಕ್ಕೆ ಹೋಗುವುದು ಸಾಧ್ಯವಾಯಿತು. ಹವಾಯಿ ದ್ವೀಪಗಳಲ್ಲಿ ವರ್ನನ್ ಬ್ರಾಕ್ ಎಂಬವರು 1954ರಲ್ಲಿ ಪ್ರಕಟಿಸಿದ ವಿಧಾನವೇ ಸಣ್ಣಪುಟ್ಟ ಬದಲಾವಣೆಗಳೊಡನೆ ಇಂದಿಗೂ ನಡೆದಿದೆ. ಕಡಲತಳದಲ್ಲಿ, ಸಾಮಾನ್ಯವಾಗಿ 50 ಮೀಟರು ಉದ್ದಕ್ಕೆ, ಅಳತೆಯ ಟೇಪನ್ನು ಹಾಸುತ್ತಾರೆ. ಬೆದರಿದ ಮೀನುಗಳು ಮರಳಿ ಬರಲೆಂದು ಸ್ವಲ್ಪ ಹೊತ್ತು ದೂರ ಸರಿದು ನಿಲ್ಲುತ್ತಾರೆ. ಬಳಿಕ ಟೇಪಿನ ಗುಂಟ ನಿಧಾನವಾಗಿ ಈಜುತ್ತ, ಎಡಬಲಕ್ಕೆ ಎರಡೂವರೆ ಮೀಟರಿನೊಳಗೆ ಕಂಡ ಮೀನುಗಳನ್ನೆಲ್ಲ ಪ್ಲಾಸ್ಟಿಕ್ ಹಲಗೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಾರೆ. ಹೋಗುವಾಗ ಓಡಾಡುವ ದೊಡ್ಡ ಮೀನುಗಳು, ಬರುವಾಗ ಮನೆ ಬಿಡದ ಚಿಕ್ಕವು. ಮಾತಿಲ್ಲ, ಕತೆಯಿಲ್ಲ, ಗಾಳಿ ಮುಗಿಯುವುದರೊಳಗೆ ಮೇಲೆ ಬರಬೇಕು.

ಕಣ್ಣನ್ನು ನಂಬಿ ಕೆಲಸ ಮಾಡಬೇಕು, ಆದರೆ ನೀರಿನಲ್ಲಿ ಕಣ್ಣು ನಂಬಿಕೆಗೆ ಅರ್ಹವಲ್ಲ. ಮುಖಕ್ಕೆ ಕಟ್ಟಿದ ಗಾಜಿನ ಮೂಲಕ ನೋಡಿದರೆ ಪ್ರತಿಯೊಂದೂ ಮೂರರಲ್ಲೊಂದು ಪಾಲು ದೊಡ್ಡದಾಗಿ ಕಾಣುತ್ತದೆ. ಕೆಳಗಿಳಿದಂತೆ ಬೆಳಕಿನಲ್ಲಿ ಮೊದಲು ಕೆಂಪು ಮಾಯವಾಗುವುದರಿಂದ ಕೆಂಪು ಮೀನು ಬೂದಿಯ ಬಣ್ಣ ತಾಳುತ್ತದೆ. ಆದ್ದರಿಂದ ಹೊಸಬರಿಗೆ ಗೊತ್ತಾದ ಅಳತೆಯ ಮರದ ಮೀನುಗಳನ್ನು ನೀರಿನಲ್ಲಿ ತೋರಿಸಿ ಉದ್ದವನ್ನು ಊಹಿಸುವ ಅಭ್ಯಾಸ ಮಾಡಿಸುತ್ತಾರೆ.

ಗಿಳಿಮೀನಿನ ವಿಷಯವನ್ನು ಇಲ್ಲಿ ಹೇಳಲೇಬೇಕು. ಮುಂಬಲ್ಲುಗಳೆಲ್ಲ ಕೂಡಿ ಗಿಳಿಯ ಕೊಕ್ಕಿನಂತಾಗಿರುವ ಈ ಮೀನು ಸತ್ತ ಹವಳದ ಮೇಲಿನ ಪಾಚಿಯನ್ನು ಕಲ್ಲಿನ ಸಮೇತ ಕಚ್ಚಿ, ಗಂಟಲಿನಲ್ಲಿರುವ ಇನ್ನೊಂದು ಜೊತೆ ಹಲ್ಲುಗಳಿಂದ ಬೀಸಿ, ಮರಳನ್ನು ಹೊರಹಾಕುತ್ತದೆ. ದೊಡ್ಡ ಜಾತಿಯ ಒಂದೊಂದು ಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡಬಲ್ಲುದು. ಹವಳದ್ವೀಪದ ಬೆಳ್ಳನೆಯ ದಡದಲ್ಲಿ ಈ ಬೀಸುವ ಕಲ್ಲಿನ ಪಾಲೂ ಇದೆ. ಎಣಿಸುವವನಿಗೆ ಇದು ತಂದಿಡುವ ತಂಟೆ ಬೇರೆಯೇ. ಗಿಳಿಮೀನುಗಳಲ್ಲಿ ಬಹುಪಾಲು ಹೆಣ್ಣಾಗಿ ಬದುಕು ಸಾಗಿಸಿ, ಬೆಳೆದ ಮೇಲೆ ಗಂಡಾಗುತ್ತವೆ. ಆಗ ಮಂಕು ಕಂದು ಮೈ ನೀಲಿ ಹಸಿರಾಗಿ ಹೊಳೆಯತೊಡಗುತ್ತದೆ. ಹಿಂದಿನ ಪಂಡಿತರು ಒಂದೇ ಮೀನಿನ ಮರಿಗೆ, ಹೆಣ್ಣಿಗೆ, ಗಂಡಿಗೆ ಬೇರೆ ಬೇರೆ ಹೆಸರಿಟ್ಟು ಪಟ್ಟಿಯನ್ನು ಉದ್ದ ಮಾಡಿದ್ದುಂಟು.

ಇದಕ್ಕೆ ತದ್ವಿರುದ್ಧವಾದ ಮೋಸವೂ ಇದೆ. ನೀಲಿ ಮೈಗೆ ಕಪ್ಪು ಪಟ್ಟೆಯ ಒಂದು ಬೆರಳುದ್ದದ ಮೀನು ದೊಡ್ಡ ಮೀನುಗಳ ಮೈಮೇಲಿನ ಹೇನುಗಳನ್ನು ಹೆಕ್ಕಿ ತಿನ್ನುತ್ತದೆ. ಕ್ಷೌರಿಕನ ಅಂಗಡಿಯ ಮುಂದೆ ಕಾಯುವಂತೆ ದೊಡ್ಡವು ಬಾಯಿ ಕಿವಿರು ತೆರೆದುಕೊಂಡು ಅದರ ಮುಂದೆ ನಿಲ್ಲುತ್ತವೆ. ಅದೇ ಬಣ್ಣ, ಅದೇ ನಡೆ ಕಲಿತ ಮತ್ತೊಂದು ಜಾತಿಯ ಮೀನು ಬಂದು, ನಂಬಿ ನಿಂತವರ ರೆಕ್ಕೆಯ ಚೂರನ್ನು ಕಚ್ಚಿಕೊಂಡು ಓಡುತ್ತದೆ. ಬಾಯಿ ಮೂತಿಯ ತುದಿಯಲ್ಲಿದ್ದರೆ ಅಸಲಿ, ಕೆಳಗೆ ಸರಿದಿದ್ದರೆ ನಕಲಿ. ಇದನ್ನು ಗಮನಿಸದವನ ಪಟ್ಟಿಯಲ್ಲಿ ಒಂದು ಹೆಸರು ಕಡಿಮೆಯಾಯಿತು.

ಕಣ್ಣಿಗೆ ಬೀಳದೆ ಉಳಿಯುವವು ಇನ್ನೂ ಎಷ್ಟೋ. ಹಗಲು ಪೊಟರೆಯಲ್ಲಿ ಮಲಗಿ ರಾತ್ರಿ ಹೊರಡುವವು; ಕಲ್ಲಿನ ಬಣ್ಣಕ್ಕೆ ಬಣ್ಣ ಬೆರೆಸಿ ಕುಳಿತವು; ಉಗುರಿನಷ್ಟೇ ಉದ್ದದವು. ಘಟ್ಟದ ಹಳ್ಳಗಳಲ್ಲಿ ಕಾರೆಕಾಯಿ ಜಜ್ಜಿ ಮಡುವಿಗೆ ಹಾಕಿ ಮೀನಿಗೆ ಮತ್ತು ಬರಿಸುವ ಹಳೆಯ ರೂಢಿಯನ್ನು ಕೇಳಿರುತ್ತೀರಿ. ವಿಜ್ಞಾನಿಗಳೂ ಬೇರೊಂದು ಬೇರಿನ ವಿಷದಿಂದ ಅದನ್ನೇ ಮಾಡಿ ನೋಡಿದಾಗ, ಮುಳುಗುಗಾರನ ಲೆಕ್ಕಕ್ಕೆ ಸಿಗದಿದ್ದ ಪುಟ್ಟ ಮೀನುಗಳು ರಾಶಿ ರಾಶಿಯಾಗಿ ತೇಲಿಬಂದವು. ಎಣಿಸುವುದಕ್ಕಾಗಿ ಕೊಲ್ಲುವುದು ನನಗಂತೂ ಒಪ್ಪಿಗೆಯಾಗದ ಮಾತು. ಈಗ ಅದಕ್ಕಿಂತ ಮೆದುವಾದ ದಾರಿ ದೊರೆತಿದೆ. ಮೀನು ಹೋದಲ್ಲೆಲ್ಲ ಲೋಳೆ, ಹುರುಪೆಯ ಚೂರು ಬಿಟ್ಟುಹೋಗುತ್ತದೆ; ಕೆಲವು ಲೀಟರು ಕಡಲನೀರನ್ನು ಸೋಸಿ, ಅದರಲ್ಲುಳಿದ ಡಿಎನ್‌ಎ ಓದಿ, ಯಾವ ಯಾವ ಮೀನು ಸುಳಿದಿತ್ತೆಂದು ಹೇಳಬಲ್ಲರು. ಎಷ್ಟಿದ್ದವು, ಎಷ್ಟುದ್ದವಿದ್ದವು ಎಂಬುದಕ್ಕೆ ಮಾತ್ರ ಇನ್ನೂ ಟೇಪು ಹಲಗೆಗಳೇ ಗತಿ.

ಆದ್ದರಿಂದ ಪ್ರವಾಸಿಗಳ ಕೈಪಿಡಿಯಲ್ಲಿ ‘ಇಲ್ಲಿ ಇಷ್ಟು ಬಗೆಯ ಮೀನುಗಳಿವೆ’ ಎಂದು ಓದಿದಾಗ, ಯಾರು, ಎಷ್ಟು ದಿನ, ಯಾವ ಬಗೆಯಿಂದ ಎಣಿಸಿದರು ಎಂದು ಕೇಳಿಕೊಳ್ಳಿ. ಮೊದಲ ದಿನ ಮೂವತ್ತು ಹೆಸರು ಸಿಕ್ಕವೆನ್ನೋಣ. ಎರಡನೆಯ ದಿನ ಹೊಸವು ಹತ್ತು, ಮೂರನೆಯ ದಿನ ನಾಲ್ಕು. ಹೊಸ ಹೆಸರು ಬರುವುದು ಅಪರೂಪವಾದಾಗ ಮಾತ್ರ ಪಟ್ಟಿ ತುಂಬುತ್ತ ಬಂದಿದೆಯೆಂದು ಅರ್ಥ. ಲಕ್ಷದ್ವೀಪದ ಮೀನುಗಳನ್ನು ಕುರಿತು ಜೋನ್ಸ್ ಮತ್ತು ಕುಮಾರನ್ 1980ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 603 ಜಾತಿಗಳಿವೆ. ಅದು ಒಂದೆರಡು ದಿನದ ದುಡಿಮೆಯಲ್ಲ.

ಲಕ್ಷದ್ವೀಪವೆಂದರೆ ನಮಗೆ ತೀರ ಹೊರಗಿನ ನಾಡಲ್ಲ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಅಲ್ಲಿಯ ಕೊಬ್ಬರಿ ಮಂಗಳೂರಿನ ಬಂದರಕ್ಕೆ ಬರುತ್ತಿತ್ತು. ಮೀನೆಣಿಕೆ ಏತಕ್ಕೆ ಎಂಬುದಕ್ಕೆ ಉತ್ತರ ದೊರೆತದ್ದೂ ಅಲ್ಲಿಯೇ. ಕಡಲು ವಾಡಿಕೆಯ ಬೇಸಿಗೆಗಿಂತ ಒಂದು ಡಿಗ್ರಿಯಷ್ಟು ಹೆಚ್ಚು ಕಾದು ಕೆಲವು ವಾರ ಹಾಗೆಯೇ ಉಳಿದರೆ, ಹವಳ ತನ್ನ ಪಾಚಿಯನ್ನು ಹೊರದಬ್ಬಿ ಬಿಳುಚಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. 1998, 2010 ಮತ್ತು 2016ರಲ್ಲಿ ಲಕ್ಷದ್ವೀಪದಲ್ಲಿ ಹೀಗಾಯಿತು. ಮೈಸೂರಿನಲ್ಲಿ ನೆಲೆಯುಳ್ಳ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ಸಂಶೋಧಕರು 1998ರಿಂದಲೂ ಅಲ್ಲಿಯ ದಿಬ್ಬಗಳಿಗೆ ಮತ್ತೆ ಮತ್ತೆ ಇಳಿಯುತ್ತ ಬಂದಿದ್ದಾರೆ. ಎರಡು ದಶಕಗಳಿಗೂ ಮೀರಿದ ಅವಧಿಯಲ್ಲಿ ಜೀವಂತ ಹವಳ ಸುಮಾರು ಅರ್ಧಕ್ಕೆ ಇಳಿದಿದೆ ಎಂದು ಅವರ ಲೆಕ್ಕ ಹೇಳುತ್ತದೆ.

ಹವಳ ಸತ್ತಾಗ ಮೊದಲು ಕುಗ್ಗುವುದು ಹವಳವನ್ನೇ ತಿಂದು ಬದುಕುವ ಚಿಟ್ಟೆಮೀನುಗಳು. ಸತ್ತ ಕಲ್ಲಿನ ಮೇಲೆ ಪಾಚಿ ಹಬ್ಬುತ್ತದೆ. ಹಬ್ಬಿದರೆ ಹವಳದ ಮರಿಗೆ ಅಂಟಿಕೊಳ್ಳಲು ಜಾಗವಿಲ್ಲ. ಆಗ ಗಿಳಿಮೀನಿನಂಥ ಪಾಚಿ ಮೇಯುವವರು ಬೇಕು. ಲಕ್ಷದ್ವೀಪದ ಬೆಸ್ತರು ಬಹುಕಾಲ ಗಾಳದ ಕೋಲಿನಿಂದ ಹೊರಗಡಲಿನ ಸೂರೆಮೀನನ್ನೇ ಹಿಡಿಯುತ್ತಿದ್ದುದರಿಂದ ದಿಬ್ಬದ ಮೀನುಗಳು ಉಳಿದಿದ್ದವು, ದಿಬ್ಬ ಚೇತರಿಸಿಕೊಳ್ಳಲು ಅವು ನೆರವಾದವು. ಈಗ ದಿಬ್ಬದ ಮೀನಿಗೂ ಪೇಟೆಯಲ್ಲಿ ಬೇಡಿಕೆ ಬಂದಿದೆ. ಗಿಳಿಮೀನು ಎಷ್ಟಿದ್ದವು, ಎಷ್ಟಾದವು ಎಂಬ ಲೆಕ್ಕಕ್ಕೆ ಇಲ್ಲಿ ಬೆಲೆ.

ನೇತ್ರಾಣಿಗೆ ಮರಳೋಣ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಲ್ಲಿ ಮುಳುಗಿ, ಕಂಡ ಹವಳ ಮೀನುಗಳ ವಿವರವನ್ನು 2008ರಲ್ಲಿ ಪ್ರಕಟಿಸಿದರು. ಈ ಎರಡು ದಶಕಗಳಲ್ಲಿ ಅಕ್ಟೋಬರಿನಿಂದ ಮೇ ತಿಂಗಳವರೆಗೆ ಮುಳುಗುವ ಪ್ರವಾಸಿಗಳನ್ನು ಹೊತ್ತ ದೋಣಿಗಳು ಅಲ್ಲಿಗೆ ಹೋಗಿಬರುತ್ತಿವೆ. ಒಂದೊಂದು ಲಂಗರು ಹವಳದ ಮೇಲೆ ಬಿದ್ದರೆ ಹತ್ತಾರು ವರ್ಷದ ಬೆಳವಣಿಗೆ ಒಂದು ಗಳಿಗೆಯಲ್ಲಿ ಪುಡಿ. ಅದೇ ಪ್ರವಾಸಿಗಳಿಗೆ ಇಪ್ಪತ್ತು ಮೀನುಗಳ ಗುರುತು ಕಲಿಸಿ, ಕೈಗೊಂದು ಹಲಗೆ ಕೊಟ್ಟು, ನೀರಿನಿಂದ ಮೇಲೆ ಬಂದೊಡನೆ ದಿನಾಂಕ, ಜಾಗ, ಎಷ್ಟು ನಿಮಿಷ ನೋಡಿದರು, ಏನೇನು ಕಂಡರು ಎಂದು ಬರೆಸಿಕೊಳ್ಳಬಹುದು. ಬೇರೆ ದೇಶಗಳಲ್ಲಿ ಇಂಥ ಹವ್ಯಾಸಿಗಳ ಲೆಕ್ಕ ವಿಜ್ಞಾನಿಗಳಿಗೆ ಉಪಯೋಗಕ್ಕೆ ಬಂದಿದೆ. ಈ ಬೇಸಿಗೆಯಲ್ಲಿ ಘಟ್ಟ ಇಳಿದು ಮುರ್ಡೇಶ್ವರಕ್ಕೆ ಹೋಗುವ ತಮ್ಮ ಮನೆಯ ಹುಡುಗರು ಆ ದೋಣಿ ಹತ್ತುವುದಾದರೆ, ಲಂಗರನ್ನು ಎಲ್ಲಿ ಇಳಿಸುತ್ತೀರೆಂದು ದೋಣಿಯವರನ್ನು ಮೊದಲು ಕೇಳಲಿ. ಮೀನಿನ ಹೆಸರು ಆಮೇಲೆ ಕಲಿಯಬಹುದು.